ವಿಮಾನ ಪ್ರಯಾಣದಲ್ಲಿ ಬಣ್ಣ, ತಿನ್ನರ್ ಮತ್ತು ಕೊಬ್ಬರಿ: ವರ್ತಕರು ಅರಿತಿರಬೇಕಾದ ನಿಯಮಗಳು

ಕಡೂರು, ತರೀಕೆರೆ ಮತ್ತು ಅಜ್ಜಂಪುರ ಭಾಗದ ವರ್ತಕರಿಗೂ ಸಣ್ಣ ತಯಾರಕರಿಗೂ ವಿಮಾನ ಪ್ರಯಾಣವು ಬಹುಕಾಲ ದೂರದ ಮಾತಾಗಿತ್ತು. ಕಡೂರು, ಬೀರೂರುಗಳ ರೈಲು ಮಾರ್ಗ ಹಾಗೂ ತುಮಕೂರಿನಿಂದ ಹೊನ್ನಾವರಕ್ಕೆ ಸಾಗುವ ರಾಷ್ಟ್ರೀಯ ಹೆದ್ದಾರಿಗಳೇ ಇಲ್ಲಿನ ವಾಣಿಜ್ಯದ ಜೀವನಾಡಿಗಳಾಗಿದ್ದವು. ಶಿವಮೊಗ್ಗ ಸಮೀಪದ ಸೋಗಾನೆಯಲ್ಲಿ ನಿರ್ಮಿತವಾದ ರಾಷ್ಟ್ರಕವಿ ಕುವೆಂಪು ವಿಮಾನ ನಿಲ್ದಾಣವು 2023ರ ಫೆಬ್ರವರಿ 27ರಂದು ಉದ್ಘಾಟನೆಗೊಂಡು, ಅದೇ ವರ್ಷದ ಆಗಸ್ಟ್ 31ರಿಂದ ಅಲ್ಲಿ ವಾಣಿಜ್ಯ ವಿಮಾನ ಸಂಚಾರ ಆರಂಭವಾದ ಮೇಲೆ ಈ ಪರಿಸ್ಥಿತಿ ಬದಲಾಗಿದೆ. ದೆಹಲಿಯ ವಸ್ತುಪ್ರದರ್ಶನಕ್ಕೆ ಹೊರಡುವ ಕರಕುಶಲ ತಯಾರಕರು, ಉತ್ತರ ಭಾರತದ ಖರೀದಿದಾರರಿಗೆ ಸರಕಿನ ಮಾದರಿ ತೋರಿಸಲು ತೆರಳುವ ಮಂಡಿ ವರ್ತಕರು, ಹೊರನಾಡಿನಲ್ಲಿ ಓದುವ ಮಕ್ಕಳಿಗೆ ಚಿತ್ರಕಲೆಯ ಸಾಮಗ್ರಿ ಒಯ್ಯುವ ಪೋಷಕರು ಇಂದು ವಿಮಾನವನ್ನೇ ಆಶ್ರಯಿಸುತ್ತಿದ್ದಾರೆ.

ಆದರೆ ರೈಲಿನಲ್ಲಿ, ಬಸ್ಸಿನಲ್ಲಿ ಪೆಟ್ಟಿಗೆ ಕಟ್ಟಿಕೊಂಡು ಹೊರಡುವ ಅಭ್ಯಾಸವನ್ನು ವಿಮಾನ ನಿಲ್ದಾಣಕ್ಕೂ ಕೊಂಡೊಯ್ದವರು ಅಲ್ಲಿ ತೊಂದರೆಗೆ ಸಿಲುಕುತ್ತಾರೆ. ಅರ್ಧ ಲೀಟರಿನ ವಾರ್ನಿಷ್ ಡಬ್ಬ, ಒಂದು ಸಣ್ಣ ಶೀಸೆ ತಿನ್ನರ್, ನಾಲ್ಕು ಸ್ಪ್ರೇ ಬಣ್ಣದ ಕ್ಯಾನುಗಳು, ಒಂದು ಕಿಲೋ ಉಂಡೆ ಕೊಬ್ಬರಿ - ಇವೆಲ್ಲವೂ ನೋಡುವ ಕಣ್ಣಿಗೆ ನಿರಪಾಯಕಾರಿ ವಸ್ತುಗಳೇ. ವಿಮಾನಯಾನದ ಭಾಷೆಯಲ್ಲಿ ಮಾತ್ರ ಇವು 'ಅಪಾಯಕಾರಿ ಸರಕುಗಳು'. ಇವುಗಳನ್ನು ನಿರ್ಣಯಿಸುವಾಗ ಪರಿಮಾಣ ಎಷ್ಟು ಕಡಿಮೆ, ಉದ್ದೇಶ ಎಷ್ಟು ಒಳ್ಳೆಯದು ಎಂಬುದು ಗಣನೆಗೆ ಬಾರದು. ವಸ್ತುವಿನ ಗುಣ ಯಾವುದು ಹಾಗೂ ಅದನ್ನು ಸರಿಯಾಗಿ ಘೋಷಿಸಲಾಗಿದೆಯೇ ಎಂಬ ಎರಡು ಪ್ರಶ್ನೆಗಳೇ ಮುಖ್ಯವಾಗುತ್ತವೆ. ಈ ಎರಡು ಪ್ರಶ್ನೆಗಳಿಗೆ ಉತ್ತರ ಕಂಡುಕೊಳ್ಳುವ ಬಗೆಯನ್ನು ವಿವರಿಸುವುದೇ ಪ್ರಸ್ತುತ ಲೇಖನದ ಉದ್ದೇಶ.

1. ದಹ್ಯ ದ್ರವ ಎಂದರೇನು?

ಬಣ್ಣದ ಡಬ್ಬದಲ್ಲಿ ಸಾಮಾನ್ಯವಾಗಿ ಮೂರು ಅಂಶಗಳಿರುತ್ತವೆ: ಬಣ್ಣ ಕೊಡುವ ಪುಡಿ, ಅದನ್ನು ಮೇಲ್ಮೈಗೆ ಅಂಟಿಸುವ ಬಂಧಕ ಮತ್ತು ಇವೆರಡನ್ನೂ ತೆಳುವಾಗಿಸುವ ದ್ರಾವಕ. ಅಪಾಯವು ಬಹುತೇಕ ಮೂರನೆಯದರಲ್ಲಿ ಅಡಗಿದೆ. ದ್ರಾವಕವು ನೀರಾಗಿದ್ದರೆ ಬೆಂಕಿಯ ಭಯವಿಲ್ಲ. ಅದು ಟರ್ಪೆಂಟೈನ್, ಟಾಲ್ವೀನ್, ಅಸಿಟೋನ್ ಅಥವಾ ಸ್ಪಿರಿಟ್ ಆಗಿದ್ದರೆ, ಡಬ್ಬ ತೆರೆದೊಡನೆ ಆವಿ ಹೊರಹೊಮ್ಮುತ್ತದೆ. ಹೊತ್ತಿಕೊಳ್ಳುವುದು ದ್ರವಕ್ಕಿಂತ ಮೊದಲು ಈ ಆವಿಯೇ.

ಕಿಡಿ ತಾಗಿದಾಗ ಹೊತ್ತಿಕೊಳ್ಳುವಷ್ಟು ಆವಿಯು ದ್ರವದಿಂದ ಹೊರಡುವ ಅತಿ ಕಡಿಮೆ ಉಷ್ಣಾಂಶಕ್ಕೆ 'ಜ್ವಲನ ಬಿಂದು' ಅಥವಾ ಫ್ಲ್ಯಾಶ್ ಪಾಯಿಂಟ್ ಎಂದು ಹೆಸರು. ಮುಚ್ಚಿದ ಪಾತ್ರೆಯ ವಿಧಾನದಲ್ಲಿ ಪರೀಕ್ಷಿಸಿದಾಗ ಯಾವ ದ್ರವದ ಜ್ವಲನ ಬಿಂದು 60 ಡಿಗ್ರಿ ಸೆಲ್ಸಿಯಸ್ ಅಥವಾ ಅದಕ್ಕಿಂತ ಕಡಿಮೆಯೋ ಅಂತಹ ದ್ರವವು ಅಂತರರಾಷ್ಟ್ರೀಯ ವರ್ಗೀಕರಣದಲ್ಲಿ 3ನೇ ವರ್ಗದ ದಹ್ಯ ದ್ರವವೆನಿಸುತ್ತದೆ. ಅಸಿಟೋನಿನ ಜ್ವಲನ ಬಿಂದು ಸೊನ್ನೆಗಿಂತ ಸುಮಾರು 20 ಡಿಗ್ರಿ ಕೆಳಗಿದೆ. ಟಾಲ್ವೀನಿನದು ಸುಮಾರು 4 ಡಿಗ್ರಿ. ಟರ್ಪೆಂಟೈನಿನದು ಸುಮಾರು 35 ಡಿಗ್ರಿ. ಬೇಸಿಗೆಯ ಮಧ್ಯಾಹ್ನ ಕಡೂರಿನ ಅಂಗಡಿಯೊಂದರ ತಗಡಿನ ಮಾಡಿನ ಕೆಳಗೆ ಇರುವ ಉಷ್ಣಾಂಶದಲ್ಲಿ ಈ ಮೂರೂ ಹೊತ್ತಿಕೊಳ್ಳಲು ಸಿದ್ಧವಾಗಿಯೇ ಇರುತ್ತವೆ ಎಂಬುದನ್ನು ಗಮನಿಸಬೇಕು. ಇದಕ್ಕೆ ವ್ಯತಿರಿಕ್ತವಾಗಿ, ತೈಲವರ್ಣಗಳಲ್ಲಿ ಬಳಸುವ ಅಗಸೆ ಎಣ್ಣೆಯ ಜ್ವಲನ ಬಿಂದು 200 ಡಿಗ್ರಿಗೂ ಮೇಲಿದೆ.

2. ಆಕಾಶದಲ್ಲಿ ಅಪಾಯ ಹೆಚ್ಚಾಗುವುದೇಕೆ?

ಹಾರುವ ವಿಮಾನದ ಒಳಗಿನ ಗಾಳಿಯ ಒತ್ತಡವು ನೆಲದ ಮೇಲಿನಷ್ಟು ಇರುವುದಿಲ್ಲ. ಸಾಮಾನ್ಯವಾಗಿ ಅದು 6,000ದಿಂದ 8,000 ಅಡಿ ಎತ್ತರದ ಬೆಟ್ಟದ ಮೇಲಿನ ಒತ್ತಡಕ್ಕೆ ಸಮನಾಗಿರುತ್ತದೆ. ಮುಳ್ಳಯ್ಯನಗಿರಿಯ ಎತ್ತರ ಸುಮಾರು 6,300 ಅಡಿ ಎಂಬುದನ್ನು ನೆನೆದರೆ ಈ ಭಾಗದ ಓದುಗರಿಗೆ ಅದರ ಅಂದಾಜು ಸಿಗುತ್ತದೆ. ನೆಲದ ಮೇಲೆ ಮುಚ್ಚಳ ಬಿಗಿದ ಡಬ್ಬದ ಒಳಗಿನ ಗಾಳಿ ಹಾಗೂ ಆವಿಗಳು ಮೇಲೇರಿದಂತೆ ಹೊರಗೆ ನುಗ್ಗಲು ಹವಣಿಸುತ್ತವೆ. ಒಂದು ಬಾರಿ ತೆರೆದು ಮುಚ್ಚಿದ ಡಬ್ಬದ ಅಂಚಿನಲ್ಲಿ ಒಣಗಿದ ಬಣ್ಣವಿದ್ದರಂತೂ ಸೋರಿಕೆಗೆ ದಾರಿ ಸಿದ್ಧವಾಗಿರುತ್ತದೆ. ದ್ರಾವಕಗಳ ಆವಿ ಗಾಳಿಗಿಂತ ಭಾರವಾದ್ದರಿಂದ ಅದು ಮೇಲೆ ಹಾರಿಹೋಗದೆ ಕೆಳಗೆ ತಂಗುತ್ತದೆ. ಲಾರಿಯಲ್ಲಿ ಹೊಗೆ ಕಂಡರೆ ಚಾಲಕನು ರಸ್ತೆಯ ಪಕ್ಕಕ್ಕೆ ನಿಲ್ಲಿಸಿ ಕೆಳಗಿಳಿಯಬಹುದು. ವಿಮಾನಕ್ಕೆ ಅಂತಹ ಪಕ್ಕದ ಜಾಗವಿಲ್ಲ.

ಈ ಎಚ್ಚರಿಕೆ ಕೇವಲ ಊಹೆಯಿಂದ ಹುಟ್ಟಿದ್ದಲ್ಲ. 1973ರ ನವೆಂಬರ್ 3ರಂದು ಪಾನ್ ಆಮ್ ಸಂಸ್ಥೆಯ ಸರಕು ವಿಮಾನವೊಂದು ಅಮೆರಿಕದ ಬಾಸ್ಟನ್ ನಿಲ್ದಾಣದಲ್ಲಿ ಇಳಿಯಲೆತ್ನಿಸುವಾಗ ಅಪಘಾತಕ್ಕೀಡಾಗಿ ಮೂವರು ಸಿಬ್ಬಂದಿ ಮೃತಪಟ್ಟರು. ನೈಟ್ರಿಕ್ ಆಮ್ಲದ ಶೀಸೆಗಳ ಸುತ್ತ ಮರದ ಹೊಟ್ಟನ್ನು ತುಂಬಲಾಗಿತ್ತು; ಸೋರಿದ ಆಮ್ಲವು ಹೊಟ್ಟಿನೊಡನೆ ಸೇರಿ ಹೊಗೆಯೆದ್ದಿತ್ತು. 1996ರ ಮೇ 11ರಂದು ವ್ಯಾಲ್ಯೂಜೆಟ್ ಸಂಸ್ಥೆಯ ವಿಮಾನವು ಮಯಾಮಿಯಿಂದ ಹೊರಟ ಕೆಲವೇ ನಿಮಿಷಗಳಲ್ಲಿ ಫ್ಲಾರಿಡಾದ ಜೌಗು ಪ್ರದೇಶಕ್ಕೆ ಬಿದ್ದು 110 ಮಂದಿ ಅಸುನೀಗಿದರು. ಅದರ ಸರಕು ಕೋಣೆಯಲ್ಲಿದ್ದ ಅವಧಿ ಮೀರಿದ ಆಮ್ಲಜನಕ ಉತ್ಪಾದಕಗಳನ್ನು ಕಾಗದಪತ್ರಗಳಲ್ಲಿ 'ಖಾಲಿ' ಎಂದು ನಮೂದಿಸಲಾಗಿತ್ತು. ಈ ಎರಡೂ ದುರಂತಗಳಲ್ಲಿ ಯಾರಿಗೂ ಕೇಡಿನ ಉದ್ದೇಶವಿರಲಿಲ್ಲ. ಒಂದರಲ್ಲಿ ತಪ್ಪಿದ್ದು ಪ್ಯಾಕಿಂಗ್, ಇನ್ನೊಂದರಲ್ಲಿ ವಿವರಣೆ ಮತ್ತು ಪ್ಯಾಕಿಂಗ್ ಎರಡೂ. ವರ್ತಕನ ಕೈಬರಹದ ಒಂದು ಶಬ್ದಕ್ಕೆ ಎಷ್ಟು ಬೆಲೆಯುಂಟು ಎಂಬುದಕ್ಕೆ ಇದಕ್ಕಿಂತ ಬೇರೆ ನಿದರ್ಶನ ಬೇಕಿಲ್ಲ.

3. ಕಾನೂನಿನ ಚೌಕಟ್ಟು

ಅಂತರರಾಷ್ಟ್ರೀಯ ನಾಗರಿಕ ವಿಮಾನಯಾನ ಸಂಸ್ಥೆಯು ಷಿಕಾಗೊ ಒಪ್ಪಂದದ 18ನೇ ಅನುಬಂಧದಲ್ಲಿ ಅಪಾಯಕಾರಿ ಸರಕುಗಳ ಸಾಗಣೆಯ ಮೂಲ ತತ್ವಗಳನ್ನು ವಿಧಿಸಿದೆ. ಅದರ ವಿವರಗಳು ಆ ಸಂಸ್ಥೆಯ ತಾಂತ್ರಿಕ ಸೂಚನೆಗಳಲ್ಲಿವೆ. ವಿಮಾನ ಸಂಸ್ಥೆಗಳ ಒಕ್ಕೂಟವಾದ ಅಯಾಟಾ ಪ್ರತಿ ವರ್ಷ ಪ್ರಕಟಿಸುವ ಕೈಪಿಡಿಯೇ ಸರಕು ಏಜೆಂಟರ ದಿನನಿತ್ಯದ ಆಧಾರ ಗ್ರಂಥ. ಭಾರತದಲ್ಲಿ 1934ರ ವಿಮಾನ ಕಾಯ್ದೆಯ ಅಡಿಯಲ್ಲಿ 2003ರಲ್ಲಿ ಅಪಾಯಕಾರಿ ಸರಕು ಸಾಗಣೆಯ ನಿಯಮಗಳನ್ನು ರೂಪಿಸಲಾಯಿತು. 2020ರ ತಿದ್ದುಪಡಿಯು ಆ ಕಾಯ್ದೆಯ ಗರಿಷ್ಠ ದಂಡವನ್ನು 10 ಲಕ್ಷ ರೂಪಾಯಿಗಳಿಂದ 1 ಕೋಟಿ ರೂಪಾಯಿಗಳಿಗೆ ಏರಿಸಿತು. 2025ರ ಜನವರಿ 1ರಿಂದ ಮೂಲ ಕಾಯ್ದೆಯ ಸ್ಥಾನವನ್ನು ಭಾರತೀಯ ವಾಯುಯಾನ ಅಧಿನಿಯಮ, 2024 ಆಕ್ರಮಿಸಿದೆ.

ಸರಕಿನ ಗುಣದ ಮೇಲಿನ ನಿಯಂತ್ರಣವು ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯಕ್ಕೆ ಸೇರಿದೆ. ನಿಲ್ದಾಣದ ತಪಾಸಣೆಯ ನಿಯಮಗಳನ್ನು ನಾಗರಿಕ ವಿಮಾನಯಾನ ಭದ್ರತಾ ಬ್ಯೂರೋ ನಿಗದಿಪಡಿಸುತ್ತದೆ. ಇವುಗಳ ಮೇಲೆ ಪ್ರತಿಯೊಂದು ವಿಮಾನ ಸಂಸ್ಥೆಯೂ ತನ್ನದೇ ಆದ ಹೆಚ್ಚಿನ ಕಟ್ಟುಪಾಡುಗಳನ್ನು ಹೇರಬಹುದು. ಆದ್ದರಿಂದ ಒಂದು ಸಂಸ್ಥೆ ಒಪ್ಪಿದ ವಸ್ತುವನ್ನು ಇನ್ನೊಂದು ನಿರಾಕರಿಸಿದರೆ ಅದರಲ್ಲಿ ಅಕ್ರಮವೇನಿಲ್ಲ.

4. ಯಾವುದು ಸಾಗೀತು, ಯಾವುದು ಸಾಗದು?

ಹವ್ಯಾಸಿ ಚಿತ್ರಕಾರರು, ಮಾದರಿ ತಯಾರಕರು ಹಾಗೂ ತೆಂಗಿನ ಚಿಪ್ಪು, ಮರ, ಬಿದಿರುಗಳ ಕರಕುಶಲಿಗರು ಬಳಸುವ ಸಾಮಗ್ರಿಗಳನ್ನು ಈ ಕೆಳಕಂಡಂತೆ ವಿಂಗಡಿಸಬಹುದು.

(ಅ) ಜಲವರ್ಣ, ಪೋಸ್ಟರ್ ಬಣ್ಣ, ಅಕ್ರಿಲಿಕ್ ಬಣ್ಣ, ನೀರು ಆಧಾರಿತ ಬಟ್ಟೆ ಬಣ್ಣ, ಬಿಳಿಯ ಮರಗೆಲಸದ ಅಂಟು: ಇವು ಸಾಮಾನ್ಯವಾಗಿ ದಹ್ಯ ವರ್ಗಕ್ಕೆ ಸೇರುವುದಿಲ್ಲ. ಸೋರದಂತೆ ಕಟ್ಟಿ ಚೆಕ್-ಇನ್ ಸಾಮಾನಿನಲ್ಲಿ ಒಯ್ಯಬಹುದು.

(ಆ) ಕಲಾವಿದರ ತೈಲವರ್ಣದ ಟ್ಯೂಬುಗಳು: ಬಹುಪಾಲಿನ ಜ್ವಲನ ಬಿಂದು 60 ಡಿಗ್ರಿಗಿಂತ ಮೇಲಿರುವುದರಿಂದ ಇವು ನಿಷಿದ್ಧವಲ್ಲ. ಆದರೆ 'ಆಯಿಲ್ ಪೇಂಟ್' ಎಂಬ ಹೆಸರನ್ನು ಕಂಡೊಡನೆ ತಪಾಸಣಾಧಿಕಾರಿಗೆ ಸಂಶಯ ಮೂಡುವುದು ಸಹಜ. ತಯಾರಕರ ಸುರಕ್ಷತಾ ಮಾಹಿತಿ ಪತ್ರವನ್ನು ಜೊತೆಗಿಟ್ಟುಕೊಳ್ಳುವುದು ಲೇಸು.

(ಇ) ಎನಾಮಲ್, ವಾರ್ನಿಷ್, ಸ್ಪಿರಿಟ್‌ನಲ್ಲಿ ಕರಗಿಸಿದ ಅರಗಿನ ಪಾಲಿಶ್, ಎನ್.ಸಿ. ಲ್ಯಾಕರ್, ದ್ರಾವಕ ಆಧಾರಿತ ಗಾಜಿನ ಬಣ್ಣ: ಇವುಗಳ ಜ್ವಲನ ಬಿಂದು ಸಾಮಾನ್ಯವಾಗಿ 60 ಡಿಗ್ರಿಗಿಂತ ಕೆಳಗಿರುತ್ತದೆ. ಬಣ್ಣಗಳಿಗೂ ಅವುಗಳ ಪೂರಕ ಸಾಮಗ್ರಿಗಳಿಗೂ ವಿಶ್ವಸಂಸ್ಥೆಯ ಪಟ್ಟಿಯಲ್ಲಿ ಯು.ಎನ್. 1263 ಎಂಬ ಸಂಖ್ಯೆ ಇದೆ. ಅಂತಹವು ಕೈಚೀಲದಲ್ಲಿಯೂ ಚೆಕ್-ಇನ್ ಸಾಮಾನಿನಲ್ಲಿಯೂ ನಿಷಿದ್ಧ.

(ಈ) ತಿನ್ನರ್, ಟರ್ಪೆಂಟೈನ್ (ಯು.ಎನ್. 1299), ಅಸಿಟೋನ್ (ಯು.ಎನ್. 1090), ಕುಂಚ ತೊಳೆಯುವ ದ್ರಾವಕಗಳು: ಸಂಪೂರ್ಣ ನಿಷಿದ್ಧ. ಖಾಲಿಯಾದರೂ ತೊಳೆಯದ ಡಬ್ಬದಲ್ಲಿ ಆವಿ ಉಳಿದಿರುವುದರಿಂದ ಅದನ್ನೂ ಒಯ್ಯಬಾರದು.

(ಉ) ಸ್ಪ್ರೇ ಬಣ್ಣ ಮತ್ತು ಸ್ಪ್ರೇ ವಾರ್ನಿಷ್ (ಯು.ಎನ್. 1950): ಇವುಗಳಲ್ಲಿ ಬಣ್ಣವನ್ನು ಹೊರತಳ್ಳುವ ಅನಿಲವೂ ಸಾಮಾನ್ಯವಾಗಿ ದಹ್ಯವೇ. ಪ್ರಯಾಣಿಕರ ಸಾಮಾನಿನಲ್ಲಿ ನಿಷಿದ್ಧ.

(ಊ) ರಬ್ಬರ್ ಆಧಾರಿತ ಅಂಟುಗಳು (ಯು.ಎನ್. 1133) ದಹ್ಯ ದ್ರವಗಳು. ಎರಡು ಭಾಗಗಳ ರಾಳದ ಕಿಟ್‌ಗಳಲ್ಲಿ ಗಟ್ಟಿಕಾರಕವು ಹಲವು ವೇಳೆ ನಾಶಕ ಗುಣದ್ದಾಗಿರುತ್ತದೆ. ಇವನ್ನು ಮನೆಯಲ್ಲೇ ಬಿಡುವುದು ಕ್ಷೇಮ.

ಬ್ಯಾಟರಿ ಚಾಲಿತ ಉಪಕರಣ ಒಯ್ಯುವವರು ಬಿಡಿ ಲಿಥಿಯಂ ಬ್ಯಾಟರಿ ಮತ್ತು ಪವರ್ ಬ್ಯಾಂಕ್‌ಗಳನ್ನು ಚೆಕ್-ಇನ್ ಸಾಮಾನಿನಲ್ಲಿ ಇಡದೆ ಕೈಚೀಲದಲ್ಲಿಯೇ ಇರಿಸಿಕೊಳ್ಳತಕ್ಕದ್ದು. 100 ವ್ಯಾಟ್-ಗಂಟೆ ಮೀರಿದ ಬ್ಯಾಟರಿಗೆ ವಿಮಾನ ಸಂಸ್ಥೆಯ ಪೂರ್ವಾನುಮತಿ ಅಗತ್ಯ. 160 ಮೀರಿದ ಬಿಡಿ ಬ್ಯಾಟರಿಯನ್ನು ಪ್ರಯಾಣಿಕನು ಒಯ್ಯುವಂತಿಲ್ಲ.

5. ಪ್ರಚಲಿತವಿರುವ ನಾಲ್ಕು ತಪ್ಪು ಕಲ್ಪನೆಗಳು

ಮೊದಲನೆಯದು, '100 ಮಿಲಿಲೀಟರ್‌ಗಿಂತ ಕಡಿಮೆಯಿದ್ದರೆ ಯಾವ ದ್ರವವನ್ನಾದರೂ ಒಯ್ಯಬಹುದು' ಎಂಬುದು. ಅಂತರರಾಷ್ಟ್ರೀಯ ಪ್ರಯಾಣದ ಕೈಚೀಲಕ್ಕೆ ಅನ್ವಯಿಸುವ ಈ ಮಿತಿಯು ಭದ್ರತೆಗೆ ಸಂಬಂಧಿಸಿದ್ದು, ದಹ್ಯತೆಗೆ ಸಂಬಂಧಿಸಿದ್ದಲ್ಲ. 50 ಮಿಲಿಲೀಟರ್ ತಿನ್ನರ್ ಈ ಮಿತಿಯೊಳಗಿದ್ದರೂ ನಿಷಿದ್ಧವೇ. ಎರಡು ನಿಯಮಗಳನ್ನೂ ಒಟ್ಟಿಗೆ ಪಾಲಿಸಬೇಕೇ ಹೊರತು ಒಂದನ್ನು ತೋರಿಸಿ ಇನ್ನೊಂದರಿಂದ ಪಾರಾಗುವಂತಿಲ್ಲ.

ಎರಡನೆಯದು, 'ಕೈಚೀಲದಲ್ಲಿ ಬೇಡವಾದರೆ ಚೆಕ್-ಇನ್‌ಗೆ ಹಾಕಬಹುದು' ಎಂಬುದು. ಚಾಕು, ಕತ್ತರಿ, ಉಳಿಗಳಿಗೆ ಈ ಮಾತು ಸರಿ. ಏಕೆಂದರೆ ಅವುಗಳ ಅಪಾಯವಿರುವುದು ಬಳಸುವ ಕೈಯಲ್ಲಿ. ದಹ್ಯ ದ್ರವದ ಅಪಾಯ ಅದರೊಳಗೇ ಇದೆ. ಯಾರ ಕಣ್ಣಿಗೂ ಬೀಳದ ಸರಕು ಕೋಣೆಯಲ್ಲಿ ಅದು ಕಡಿಮೆಯಾಗದು.

ಮೂರನೆಯದು, 'ಕಾರ್ಖಾನೆಯ ಸೀಲ್ ಒಡೆಯದ ಡಬ್ಬಕ್ಕೆ ವಿನಾಯಿತಿ ಉಂಟು' ಎಂಬುದು. ಸೀಲ್ ಇದ್ದ ಮಾತ್ರಕ್ಕೆ ದ್ರವದ ಜ್ವಲನ ಬಿಂದು ಬದಲಾಗುವುದಿಲ್ಲ. ಅಂತಹ ಯಾವುದೇ ವಿನಾಯಿತಿ ಬಣ್ಣಗಳಿಗಿಲ್ಲ.

ನಾಲ್ಕನೆಯದು ಹೆಚ್ಚು ಗೊಂದಲಕರ. ಉಗುರು ಬಣ್ಣ, ಸುಗಂಧ ದ್ರವ್ಯಗಳಲ್ಲಿಯೂ ದಹ್ಯ ದ್ರಾವಕಗಳಿವೆ. ಅವನ್ನು ಬಿಡುವುದಾದರೆ ಒಂದು ಪುಟ್ಟ ಡಬ್ಬ ಎನಾಮಲನ್ನು ತಡೆಯುವುದೇಕೆ ಎಂದು ಪ್ರಶ್ನಿಸುವವರಿದ್ದಾರೆ. ಪ್ರಯಾಣಿಕನ ಸ್ವಂತ ಬಳಕೆಯ ಔಷಧ ಹಾಗೂ ಪ್ರಸಾಧನ ವಸ್ತುಗಳಿಗೆ ನಿಯಮಗಳಲ್ಲಿಯೇ ವಿಶೇಷ ವಿನಾಯಿತಿ ಇದೆ: ಒಂದೊಂದು ಪಾತ್ರೆಯೂ ಅರ್ಧ ಲೀಟರ್ ಅಥವಾ ಅರ್ಧ ಕಿಲೋ ಮೀರದಂತೆ, ಒಟ್ಟು 2 ಲೀಟರ್ ಅಥವಾ 2 ಕಿಲೋ ಮೀರದಂತೆ. ಈ ವಿನಾಯಿತಿ ರಸಾಯನಕ್ಕೆ ಕೊಟ್ಟದ್ದಲ್ಲ, ಬಳಕೆಗೆ ಕೊಟ್ಟದ್ದು. ಆದ್ದರಿಂದ ಬಣ್ಣಕ್ಕೆ ಅದು ವಿಸ್ತರಿಸದು. ಮಾರಾಟಕ್ಕೆಂದು ಕೊಂಡೊಯ್ಯುವ ಐವತ್ತು ಶೀಸೆ ಸುಗಂಧಕ್ಕೂ ವಿಸ್ತರಿಸದು.

6. ಕೊಬ್ಬರಿಯ ವಿಷಯ

ಈ ಭಾಗದ ವರ್ತಕರಿಗೆ ಅತ್ಯಂತ ಅನಿರೀಕ್ಷಿತವೆನಿಸುವ ಸಂಗತಿ ಇದು. ಕಡೂರು, ತರೀಕೆರೆ ಸೀಮೆಯ ತೆಂಗಿನ ತೋಟಗಳಿಂದ ಬರುವ ಕೊಬ್ಬರಿಯು ವಿಶ್ವಸಂಸ್ಥೆಯ ಅಪಾಯಕಾರಿ ಸರಕುಗಳ ಪಟ್ಟಿಯಲ್ಲಿ ಯು.ಎನ್. 1363 ಸಂಖ್ಯೆಯಡಿ ಸ್ಥಾನ ಪಡೆದಿದೆ. ಅದರ ವರ್ಗ 4.2, ಅಂದರೆ ತಾನಾಗಿಯೇ ಕಾದು ಹೊತ್ತಿಕೊಳ್ಳುವ ಸ್ವಭಾವದ ವಸ್ತು. ಭಾರತದ ವಿಮಾನ ಸಂಸ್ಥೆಗಳ ನಿಷಿದ್ಧ ವಸ್ತುಗಳ ಪಟ್ಟಿಯಲ್ಲಿ ಒಣ ಕೊಬ್ಬರಿಯ ಹೆಸರು ಕಾಣುವುದು ಈ ಕಾರಣದಿಂದ.

ಪೂಜೆಗೆ, ಮದುವೆಗೆ, ಸಿಹಿತಿಂಡಿಗೆ ಬಳಸುವ ಪದಾರ್ಥವು ಬೆಂಕಿಯ ವಸ್ತುವಾಗುವುದು ಹೇಗೆ? ಒಳ್ಳೆಯ ಕೊಬ್ಬರಿಯ ತೂಕದಲ್ಲಿ ಶೇಕಡಾ 60ಕ್ಕೂ ಹೆಚ್ಚು ಭಾಗ ಎಣ್ಣೆ. ಅದು ನಾರಿನಂತಹ ತಿರುಳಿನಲ್ಲಿ ಹರಡಿಕೊಂಡಿರುವುದರಿಂದ ಗಾಳಿಯ ಆಮ್ಲಜನಕಕ್ಕೆ ಒಡ್ಡಿದ ಮೇಲ್ಮೈ ವಿಶಾಲವಾಗಿರುತ್ತದೆ. ತೇವ ಉಳಿದಿದ್ದರೆ ಬೂಷ್ಟು ಬೆಳೆಯುತ್ತದೆ; ಬೂಷ್ಟಿನ ಬೆಳವಣಿಗೆ ಶಾಖವನ್ನು ಹುಟ್ಟಿಸುತ್ತದೆ; ಆ ಶಾಖದಿಂದ ಎಣ್ಣೆಯ ಉತ್ಕರ್ಷಣ ಚುರುಕಾಗಿ ಮತ್ತಷ್ಟು ಶಾಖ ಹುಟ್ಟುತ್ತದೆ. ರಾಶಿಯ ನಡುವೆ ಸಿಕ್ಕಿದ ಈ ಶಾಖಕ್ಕೆ ಹೊರಹೋಗಲು ದಾರಿಯಿಲ್ಲದಿದ್ದರೆ ಕೊನೆಗೆ ಹೊಗೆಯೇಳುತ್ತದೆ. ಅಗಸೆ ಎಣ್ಣೆಯಲ್ಲಿ ಅದ್ದಿದ ಕುಂಚದ ಬಟ್ಟೆಗಳನ್ನು ಮುದ್ದೆ ಮಾಡಿ ಮೂಲೆಗೆಸೆದರೆ ಅವು ತಾವಾಗಿಯೇ ಹೊತ್ತಿಕೊಳ್ಳುವುದೂ ಇದೇ ಉತ್ಕರ್ಷಣದಿಂದ. ಹೀಗಾಗಿ ಬಣ್ಣದ ಪೆಟ್ಟಿಗೆ ಕಟ್ಟುವವರು ಎಣ್ಣೆ ಒರೆಸಿದ ಬಟ್ಟೆಯನ್ನು ಅದರೊಳಗೆ ತುರುಕಬಾರದು.

ಇಲ್ಲಿ ಒಂದು ವಿಚಿತ್ರವೂ ಉಂಟು. ಅದೇ ಕೊಬ್ಬರಿಯಿಂದ ತೆಗೆದ ಎಣ್ಣೆಯು ಶೀಸೆಯಲ್ಲಿರುವಾಗ ದಹ್ಯ ದ್ರವದ ವರ್ಗಕ್ಕೆ ಸೇರುವುದಿಲ್ಲ. ಅದರ ಜ್ವಲನ ಬಿಂದು 60 ಡಿಗ್ರಿಗಿಂತ ಬಹಳ ಮೇಲಿದೆ. ಶೀಸೆಯಲ್ಲಿ ಗಾಳಿಗೆ ತಾಗುವ ಮೇಲ್ಮೈಯೂ ಅಲ್ಪ. ಆದರೂ ಸೋರಿಕೆಯ ಭಯದಿಂದ ಕೆಲವೆಡೆ ಎಣ್ಣೆಯನ್ನು ತಡೆಯುವುದುಂಟು. ಮೊದಲೇ ವಿಚಾರಿಸುವುದು ಒಳಿತು.

ಅಟ್ಟದ ಮೇಲೆ ತಿಂಗಳುಗಟ್ಟಲೆ ಒಣಗಿಸಿದ ನಮ್ಮ ಉಂಡೆ ಕೊಬ್ಬರಿಯಲ್ಲಿ ತೇವ ಕಡಿಮೆ ಎಂಬುದು ನಿಜ. ಆದರೆ ತಪಾಸಣೆಯ ಮೇಜಿನ ಬಳಿ ತೇವಾಂಶ ಅಳೆಯುವ ವ್ಯವಸ್ಥೆ ಇರದು. ವರ್ಗೀಕರಣವು ಹೆಸರನ್ನು ಅನುಸರಿಸುತ್ತದೆ. ಗುಣಮಟ್ಟದ ವಾದಕ್ಕೆ ಅಲ್ಲಿ ಅವಕಾಶವಿಲ್ಲ. ಶಬರಿಮಲೆ ಯಾತ್ರಿಕರ ಇರುಮುಡಿಯ ತೆಂಗಿನಕಾಯಿಗೆ 2024ರ ಅಕ್ಟೋಬರಿನಲ್ಲಿ ಭದ್ರತಾ ಬ್ಯೂರೋ ಕೈಚೀಲದಲ್ಲಿ ಒಯ್ಯಲು ಅನುಮತಿ ನೀಡಿತ್ತು. ಆದರೆ ಅದು 2025ರ ಜನವರಿ 20ರವರೆಗೆ ಮಾತ್ರ ಹಾಗೂ ಯಾತ್ರಿಕರಿಗೆ ಮಾತ್ರ ಕೊಟ್ಟ ಅನುಮತಿ. ಅದನ್ನು ಆಧಾರವಾಗಿ ತೋರಿಸಿ ವ್ಯಾಪಾರದ ಮಾದರಿಯನ್ನು ಒಯ್ಯಲಾಗದು.

7. ಸಾಗಣೆಯ ಕ್ರಮಬದ್ಧ ಮಾರ್ಗಗಳು

ಮೇಲೆ ಹೇಳಿದ್ದರಿಂದ ಬಣ್ಣಗಳು ವಿಮಾನವನ್ನೇ ಏರುವುದಿಲ್ಲವೆಂದು ಭಾವಿಸಬಾರದು. ಪ್ರಯಾಣಿಕನ ಚೀಲದಲ್ಲಿ ನಿಷಿದ್ಧವಾದ ಯು.ಎನ್. 1263 ಬಣ್ಣವೇ ಸರಕಾಗಿ ಘೋಷಿತವಾದಾಗ ಪ್ರಯಾಣಿಕ ವಿಮಾನದಲ್ಲಿಯೂ ಸಾಗಬಲ್ಲದು. ಜ್ವಲನ ಬಿಂದು 23 ಡಿಗ್ರಿಗಿಂತ ಕೆಳಗಿದ್ದು ಎರಡನೆಯ ಪ್ಯಾಕಿಂಗ್ ಗುಂಪಿಗೆ ಸೇರುವ ಬಣ್ಣಕ್ಕೆ ಪ್ರತಿ ಪೆಟ್ಟಿಗೆಗೆ 5 ಲೀಟರ್, ಮೂರನೆಯ ಗುಂಪಿನದಕ್ಕೆ 60 ಲೀಟರ್ ಮಿತಿ ಇದೆ. ವ್ಯತ್ಯಾಸವಿರುವುದು ಕ್ರಮದಲ್ಲಿ. ಪರೀಕ್ಷಿಸಿದ ಪೆಟ್ಟಿಗೆ, ನಿಗದಿತ ಗುರುತುಚೀಟಿ, ತರಬೇತಿ ಪಡೆದವರು ಸಹಿ ಮಾಡಿದ ಕಳುಹಿಸುವವರ ಘೋಷಣಾ ಪತ್ರ ಇರಬೇಕು. ಪೆಟ್ಟಿಗೆ ಎಲ್ಲಿದೆ ಎಂಬ ಲಿಖಿತ ಮಾಹಿತಿ ವಿಮಾನದ ಕ್ಯಾಪ್ಟನ್‌ಗೆ ತಲುಪಬೇಕು. ಇದಕ್ಕೆ ತಗಲುವ ವೆಚ್ಚವು ಸಣ್ಣ ಪ್ರಮಾಣದ ಸರಕಿಗೆ ಸಾಮಾನ್ಯವಾಗಿ ಹೊಂದಿಕೆಯಾಗದು.

ಆದ್ದರಿಂದ ನಮ್ಮ ಭಾಗದವರಿಗೆ ರಸ್ತೆ ಸಾರಿಗೆಯೇ ಯುಕ್ತ. ಅಲ್ಲಿಯೂ ಅಪಾಯಕಾರಿ ಸರಕಿನ ವಿವರವನ್ನು ಸಾಗಣೆದಾರನಿಗೆ ತಿಳಿಸುವ ಹೊಣೆಯನ್ನು 1989ರ ಕೇಂದ್ರ ಮೋಟಾರು ವಾಹನ ನಿಯಮಗಳು ಕಳುಹಿಸುವವನ ಮೇಲೆ ಹೊರಿಸಿವೆ. 'ವಿಮಾನದಲ್ಲಿ ಬಿಡದಿದ್ದರೆ ರೈಲಿನಲ್ಲಿ ಒಯ್ಯೋಣ' ಎಂದು ಕಡೂರು ಜಂಕ್ಷನ್ನಿಗೆ ಡಬ್ಬ ಹೊತ್ತುಕೊಂಡು ಹೋಗುವುದೂ ಸಲ್ಲದು. 1989ರ ರೈಲ್ವೆ ಕಾಯ್ದೆಯ 164ನೇ ಕಲಮಿನ ಅನ್ವಯ ಅಪಾಯಕಾರಿ ವಸ್ತುವನ್ನು ಅಕ್ರಮವಾಗಿ ರೈಲಿನಲ್ಲಿ ಒಯ್ಯುವುದು ಶಿಕ್ಷಾರ್ಹ ಅಪರಾಧ.

ಅಂಚೆ ಮತ್ತು ಕೊರಿಯರ್ ಬಗ್ಗೆ ವಿಶೇಷ ಎಚ್ಚರ ಬೇಕು. ಅಜ್ಜಂಪುರದಲ್ಲಿ ಕೊಟ್ಟ ಲಕೋಟೆ ಬೆಂಗಳೂರಿಗೆ ವ್ಯಾನಿನಲ್ಲಿ ಹೋದರೂ ಅಲ್ಲಿಂದ ಮುಂದೆ ವಿಮಾನ ಏರಬಹುದು. ದಹ್ಯ ವಸ್ತುಗಳು ಅಂಚೆಯಲ್ಲಿ ನಿಷಿದ್ಧ. ಕೊರಿಯರ್ ಸಂಸ್ಥೆಯವರಿಗೆ ವಸ್ತುವಿನ ನಿಜ ಹೆಸರನ್ನು ಹೇಳಿ, ನೆಲದ ಮಾರ್ಗದಲ್ಲಿ ಮಾತ್ರ ಸಾಗಿಸುವುದಾಗಿ ಬರಹದಲ್ಲಿ ಒಪ್ಪಿಗೆ ಪಡೆಯಬೇಕು. 'ಗೃಹೋಪಯೋಗಿ ವಸ್ತು', 'ಸ್ಯಾಂಪಲ್' ಎಂಬ ಮುಸುಕಿನ ಪದಗಳನ್ನು ಬರೆಯಬಾರದು.

ಪ್ರದರ್ಶನಕ್ಕೆ ಹೋಗುವ ತಯಾರಕರಿಗೆ ಇನ್ನೂ ಸುಲಭದ ಉಪಾಯವಿದೆ. ಗೀರು ಬಿದ್ದ ವಸ್ತುವಿಗೆ ಹಚ್ಚಲು ಬೇಕಾಗುವ ವಾರ್ನಿಷ್, ತಿನ್ನರ್‌ಗಳನ್ನು ತಲುಪಿದ ಊರಿನಲ್ಲಿಯೇ ಖರೀದಿಸಬಹುದು. ವಾರ್ನಿಷ್ ಹಚ್ಚಿ ಸಂಪೂರ್ಣ ಒಣಗಿದ ವಸ್ತುವಿನಲ್ಲಿ ದ್ರಾವಕ ಉಳಿದಿರುವುದಿಲ್ಲ. ಅದನ್ನು ಒಯ್ಯಲು ಅಡ್ಡಿಯಿಲ್ಲ. ಹಿಂದಿನ ರಾತ್ರಿ ಹಚ್ಚಿ ಮರುದಿನ ಕಾಗದ ಸುತ್ತಿದ ವಸ್ತುವಿನ ಮಾತು ಬೇರೆ. ಅದರ ವಾಸನೆಯೇ ದ್ರಾವಕ ಇನ್ನೂ ಆವಿಯಾಗುತ್ತಿದೆ ಎಂಬುದಕ್ಕೆ ಸಾಕ್ಷಿ.

8. ಲೆಕ್ಕಪತ್ರ ಮತ್ತು ತೆರಿಗೆಯ ಪರಿಣಾಮಗಳು

ನಿಲ್ದಾಣದಲ್ಲಿ ಬಿಟ್ಟುಬಂದ ಡಬ್ಬದ ನಷ್ಟವು ಅದರ ಬೆಲೆಗೆ ಮುಗಿಯುವುದಿಲ್ಲ. ಕೇಂದ್ರ ಜಿ.ಎಸ್.ಟಿ. ಕಾಯ್ದೆ, 2017ರ 17(5)(ಎಚ್) ಕಲಮಿನ ಅನ್ವಯ ಕಳೆದುಹೋದ, ನಾಶವಾದ, ಲೆಕ್ಕದಿಂದ ತೆಗೆದುಹಾಕಿದ ಅಥವಾ ಉಚಿತ ಮಾದರಿಯಾಗಿ ಕೊಟ್ಟ ಸರಕಿನ ಮೇಲಿನ ಹೂಡುವಳಿ ತೆರಿಗೆಯ ಜಮೆ ದೊರೆಯದು. ಉದಾಹರಣೆಗೆ, 4,000 ರೂ. ಬೆಲೆಯ ವಾರ್ನಿಷ್ ಮತ್ತು ತಿನ್ನರ್‌ಗಳಿಗೆ ಶೇ. 18ರಂತೆ 720 ರೂ. ತೆರಿಗೆ ತೆತ್ತು ಜಮೆ ಪಡೆದಿದ್ದ ವರ್ತಕನು ಆ ಸರಕನ್ನು ತಪಾಸಣೆಯಲ್ಲಿ ಕಳೆದುಕೊಂಡರೆ 720 ರೂ. ಜಮೆಯನ್ನು ಹಿಂದಿರುಗಿಸಬೇಕು. ಕಾನೂನು ಉಲ್ಲಂಘನೆಗೆ ದಂಡ ತೆತ್ತಿದ್ದರೆ ಅದನ್ನು ಆದಾಯ ತೆರಿಗೆಯಲ್ಲಿ ವ್ಯಾಪಾರದ ವೆಚ್ಚವೆಂದು ಕಳೆಯಲಾಗದು.

ಮಾರಾಟವಲ್ಲದ ಉದ್ದೇಶಕ್ಕೆ, ಉದಾಹರಣೆಗೆ ಪ್ರದರ್ಶನಕ್ಕೆ, ಸರಕು ಕಳುಹಿಸುವಾಗ ಜಿ.ಎಸ್.ಟಿ. ನಿಯಮ 55ರಂತೆ ಡೆಲಿವರಿ ಚಲನ್ ಸಿದ್ಧಪಡಿಸಬೇಕು. ಮೌಲ್ಯವು 50,000 ರೂ. ಮೀರಿದರೆ ಇ-ವೇ ಬಿಲ್ ಕೂಡ ಅಗತ್ಯ. ಚಲನ್, ಲಾರಿ ರಸೀದಿ ಹಾಗೂ ಪೆಟ್ಟಿಗೆಯ ಮೇಲಿನ ಚೀಟಿ - ಮೂರರಲ್ಲಿಯೂ ವಸ್ತುವಿನ ಹೆಸರು ಒಂದೇ ಆಗಿರಬೇಕು. ತೆರಿಗೆಗೆ 'ಎನಾಮಲ್ ಪೇಂಟ್' ಎಂದು ಬರೆದು ಸಾಗಣೆಗೆ 'ಸ್ಟೇಷನರಿ' ಎಂದು ಬರೆದರೆ, ವರ್ತಕನು ತನ್ನ ವಿರುದ್ಧ ತಾನೇ ಸಾಕ್ಷ್ಯವನ್ನು ಒದಗಿಸಿದಂತಾಗುತ್ತದೆ.

ಹೊಣೆಯ ಪ್ರಶ್ನೆ ಇನ್ನೂ ದೊಡ್ಡದು. 1972ರ ವಿಮಾನ ಸಾಗಣೆ ಕಾಯ್ದೆಯ ಮೂಲಕ ಭಾರತದಲ್ಲಿ ಜಾರಿಯಲ್ಲಿರುವ ಮಾಂಟ್ರಿಯಲ್ ಒಪ್ಪಂದದ ಪ್ರಕಾರ, ಸರಕಿನ ಬಗ್ಗೆ ಕೊಟ್ಟ ವಿವರಗಳ ಸತ್ಯತೆಗೆ ಕಳುಹಿಸುವವನೇ ಹೊಣೆ. ತಪ್ಪು ವಿವರದಿಂದಾದ ಹಾನಿಯನ್ನು ಅವನೇ ತುಂಬಿಕೊಡಬೇಕು. ವಿಮೆಯ ಆಸರೆಯನ್ನೂ ನೆಚ್ಚುವಂತಿಲ್ಲ. ವಿಮೆಯ ಕರಾರು ಪೂರ್ಣ ಪ್ರಾಮಾಣಿಕತೆಯ ಮೇಲೆ ನಿಂತಿದೆ. ಮುಚ್ಚಿಟ್ಟ ಸಂಗತಿಯು ಕ್ಲೇಮಿನ ಬುಡವನ್ನೇ ಕಡಿಯುತ್ತದೆ. ಅರ್ಧ ಲೀಟರ್ ತಿನ್ನರನ್ನು ಬಟ್ಟೆಗಳ ನಡುವೆ ಮರೆಸುವುದೆಂದರೆ ಮಡಿಲಲ್ಲಿ ಕೆಂಡ ಕಟ್ಟಿಕೊಂಡಂತೆ.

9. ಪ್ರಯಾಣಕ್ಕೆ ಮುನ್ನ ಮಾಡಬೇಕಾದ ಕೆಲಸಗಳು

(1) ಪ್ರತಿಯೊಂದು ಡಬ್ಬದ ಮೇಲಿನ ಬರಹವನ್ನು ಓದುವುದು. ಜ್ವಾಲೆಯ ಚಿತ್ರವಿದ್ದರೆ ಅಥವಾ 'ತಿನ್ನರ್‌ನಿಂದ ತೆಳುಗೊಳಿಸಿ' ಎಂಬ ಸೂಚನೆಯಿದ್ದರೆ ಅದನ್ನು ಪಕ್ಕಕ್ಕಿಡುವುದು.

(2) ಸಂಶಯವಿದ್ದಲ್ಲಿ ತಯಾರಕರಿಂದ ಅಥವಾ ವಿತರಕರಿಂದ ಸುರಕ್ಷತಾ ಮಾಹಿತಿ ಪತ್ರವನ್ನು ಕೇಳಿ ಪಡೆಯುವುದು. ಅದರ 16 ವಿಭಾಗಗಳಲ್ಲಿ 9ನೆಯದು ಜ್ವಲನ ಬಿಂದುವನ್ನೂ 14ನೆಯದು ಸಾಗಣೆಯ ವರ್ಗ ಹಾಗೂ ಯು.ಎನ್. ಸಂಖ್ಯೆಯನ್ನೂ ತಿಳಿಸುತ್ತವೆ. ಈ ಎರಡನ್ನು ಓದಿದರೆ ಸಾಕು.

(3) ಜ್ವಲನ ಬಿಂದು 60 ಡಿಗ್ರಿಯಷ್ಟು ಅಥವಾ ಅದಕ್ಕಿಂತ ಕಡಿಮೆ ಇದ್ದರೆ ಸಾಮಾನಿನಲ್ಲಿ ಇರಿಸದೆ ನೆಲದ ಮಾರ್ಗದಲ್ಲಿ ಕಳುಹಿಸುವುದು, ಇಲ್ಲವೇ ತಲುಪಿದ ಊರಿನಲ್ಲಿ ಕೊಳ್ಳುವುದು.

(4) ಕೊಬ್ಬರಿ, ಕರ್ಪೂರ, ಎಣ್ಣೆಯ ಬಟ್ಟೆ, ಬೆಂಕಿಪೊಟ್ಟಣಗಳು ಪೆಟ್ಟಿಗೆಯಲ್ಲಿ ಉಳಿದಿಲ್ಲವೆಂದು ಖಚಿತಪಡಿಸಿಕೊಳ್ಳುವುದು. ಖರೀದಿದಾರರಿಗೆ ತೋರಿಸಬೇಕಾದ ಕೊಬ್ಬರಿಯ ಮಾದರಿಯನ್ನು ಕನಿಷ್ಠ ಒಂದು ವಾರ ಮೊದಲೇ ಲಾರಿ ಪಾರ್ಸೆಲ್ ಮೂಲಕ ರವಾನಿಸುವುದು.

(5) ಟಿಕೆಟ್ ಕೊಂಡ ವಿಮಾನ ಸಂಸ್ಥೆಯ ನಿಷಿದ್ಧ ವಸ್ತುಗಳ ಪಟ್ಟಿಯನ್ನು ಪ್ರತಿ ಪ್ರಯಾಣಕ್ಕೂ ಹೊಸದಾಗಿ ನೋಡುವುದು. ಹಿಂದಿನ ಬಾರಿ ಬಿಟ್ಟಿದ್ದರು ಎಂಬುದು ಆಧಾರವಾಗದು.

(6) ತಪಾಸಣಾಧಿಕಾರಿ ಪ್ರಶ್ನಿಸಿದಾಗ ವಸ್ತುವಿನ ನಿಜ ಹೆಸರನ್ನೇ ಹೇಳುವುದು.

ಬಣ್ಣ ಹಾಗೂ ಹವ್ಯಾಸ ಸಾಮಗ್ರಿಗಳ ಅಂಗಡಿಗಳವರಿಗೆ ಇಲ್ಲಿ ಒಂದು ಹೆಚ್ಚಿನ ಕರ್ತವ್ಯವಿದೆ. ಮಗಳು ಓದುವ ಊರಿಗೆ ಬಣ್ಣ ಒಯ್ಯುತ್ತೇನೆಂದು ಹೇಳುವ ಗಿರಾಕಿಗೆ ಎನಾಮಲ್ ಬದಲು ಅಕ್ರಿಲಿಕ್ ಸೂಚಿಸುವುದು, ಸ್ಪ್ರೇ ಕ್ಯಾನ್ ಬೇಡವೆಂದು ಎಚ್ಚರಿಸುವುದು ಒಂದು ನಿಮಿಷದ ಕೆಲಸ. ಒಂದು ಮಾರಾಟ ತಪ್ಪಿದರೂ ಗಿರಾಕಿಯ ವಿಶ್ವಾಸ ಉಳಿಯುತ್ತದೆ. ಮಳಿಗೆಯಲ್ಲಿ ನೀರು ಆಧಾರಿತ ಬಣ್ಣಗಳನ್ನು ಒಂದು ಕಪಾಟಿನಲ್ಲಿಯೂ ದ್ರಾವಕ ಆಧಾರಿತ ಬಣ್ಣಗಳನ್ನು ಇನ್ನೊಂದರಲ್ಲಿಯೂ ಜೋಡಿಸಿ, ಎರಡನೆಯದರ ಮೇಲೆ 'ವಿಮಾನ ಪ್ರಯಾಣಕ್ಕೆ ಅಲ್ಲ' ಎಂಬ ಫಲಕ ಹಾಕಿದರೆ ಹೇಳುವ ಶ್ರಮವೂ ಉಳಿಯುತ್ತದೆ. ಬೆಂಕಿ ತಗುಲುವ ಸರಕನ್ನು ಬೇರೆಯಾಗಿ ಇಡುವುದು ಅಂಗಡಿಯ ಸುರಕ್ಷತೆಗೂ ಹಿತವೇ.